ಗಡಿಯಾರ ಮರೆತುಹೋಯಿತು, ಕುದುರೆ ಉಳಿಯಿತು



ಮುಂಬೈಯ ಫೋರ್ಟ್ ಕಡೆ ಓಡಾಡುವ ನಿಮಗೆಲ್ಲ ‘ಕಾಳಾ ಘೋಡಾ’ ಗೊತ್ತೇ ಇದೆ. ಕಪ್ಪು ಕುದುರೆ ಎಂದು ಅದರ ಅರ್ಥ. ಬ್ರಿಟಿಷರ ಕಾಲದಲ್ಲಿ ಅಲ್ಲೊಂದು ಪ್ರತಿಮೆ ಇತ್ತು. ಕುದುರೆಯ ಮೇಲೆ ಕುಳಿತಿದ್ದವರು ವೇಲ್ಸ್ ರಾಜಕುಮಾರರು. ಅವರೇ ಮುಂದೆ ಏಳನೆಯ ಎಡ್ವರ್ಡ್ ದೊರೆಯಾದರು. ಪ್ರತಿಮೆ ನಿಲ್ಲಿಸಿದ್ದು ರಾಜಕುಮಾರರ ನೆನಪಿಗೆ. ಆದರೆ ಜನ ನೆನಪಿಟ್ಟುಕೊಂಡದ್ದು ಕುದುರೆಯನ್ನು! 1965ರಲ್ಲಿ ಪ್ರತಿಮೆಯನ್ನು ಅಲ್ಲಿಂದ ತೆಗೆದು ರಾಣಿಬಾಗಿಗೆ ಸಾಗಿಸಿದರು. ಪ್ರತಿಮೆ ಹೋದರೂ ಹೆಸರು ಹೋಗಲಿಲ್ಲ. 2017ರಲ್ಲಿ ಅಲ್ಲಿ ಹೊಸದೊಂದು ಕುದುರೆಯನ್ನು ನಿಲ್ಲಿಸಿದಾಗ ಅದರ ಬೆನ್ನ ಮೇಲೆ ಯಾರನ್ನೂ ಕೂರಿಸಲಿಲ್ಲ. ಸವಾರ ಇಲ್ಲದ ಬರೀ ಕುದುರೆ ಈಗ ಅಲ್ಲಿ ನಿಂತಿದೆ.

ಈ ಮಾತು ಈಗ ಏಕೆ ಬಂತು ಅಂತೀರಾ? ಹೇಳುತ್ತೇನೆ.

ಈ ಸಲ ನವರಾತ್ರಿಯಲ್ಲಿ ನಮ್ಮ ಅರ್ಧ ಗಂಟೆಯ ಕನ್ನಡ ಕಾರ್ಯಕ್ರಮದಲ್ಲಿ ದಸರಾ ಗೊಂಬೆಗಳ ಬಗ್ಗೆ ಮಾತಾಡಿದ್ದೆವು. ನೀವೂ ಫೋನ್ ಮಾಡಿ ನಿಮ್ಮ ಮನೆಯ ಪಟ್ಟದ ಗೊಂಬೆಗಳ ಕಥೆ ಹೇಳಿದಿರಿ. ಕೊನೆಯ ಕರೆ ಡೊಂಬಿವಿಲಿಯ ಒಬ್ಬ ತಾಯಿಯದು. “ಮೇಡಂ, ನಮ್ಮ ಮನೇಲೂ ಒಬ್ಬಳು ಗೊಂಬೆ ಕೂರಿಸೋಳು ಇದಾಳೆ. ಆದ್ರೆ ರಾಜಾ ರಾಣಿ ಅಲ್ಲ, ಬರೀ ಕುದುರೆ! ಹದಿನಾಲ್ಕು ವರ್ಷ ಆಯ್ತು, ಇನ್ನೂ ಪ್ಲಾಸ್ಟಿಕ್ ಕುದುರೆ ಸೇರಿಸ್ತಾ ಕೂತಿದಾಳೆ. ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ಜಾತಿ. ದೀಪಾವಳಿ ಸ್ವಚ್ಛತೆಗೆ ಎಲ್ಲಾ ತೆಗೆದು ಯಾರಿಗಾದ್ರೂ ಕೊಟ್ಟುಬಿಡೋಣ ಅಂತಿದೀನಿ. ಏನಂತೀರಿ?” ಎಂದರು.

ನಾನು ನಕ್ಕುಬಿಟ್ಟೆ. “ಮನೆಯನ್ನೇ ಲಾಯ ಮಾಡಿಬಿಟ್ಟಳಾ?” ಎಂದೆ. ಆಗ ಫೋನಿನ ಹಿಂದಿನಿಂದ “ಅಮ್ಮಾ, ಸಾಕು, ಇಡು” ಎಂಬ ಹುಡುಗಿಯ ದನಿ ಕೇಳಿಸಿತು. ಅಷ್ಟರಲ್ಲಿ ಸಮಯ ಮುಗಿದು ಹಾಡು ಹಾಕಬೇಕಾಯಿತು. ಹಾಡು ಮುಗಿದರೂ ಆ ದನಿ ನನ್ನ ಕಿವಿಯಿಂದ ಹೋಗಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಮೈಕಿನ ಮುಂದೆ ಕುಳಿತು ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಆಮೇಲೆ ಹುಡುಕಿ ಓದಿದೆ. ಓದಿದ ಹಾಗೆಲ್ಲ ಬೆರಗಾಯಿತು. ಆ ಬೆರಗನ್ನು ನಿಮ್ಮ ಜೊತೆ ಹಂಚಿಕೊಳ್ಳಲು ಈ ಬರಹ.

ಗಡಿಯಾರದ ಮೇಲೆ ನಿಂತ ಕುದುರೆ

ನಾವೀಗ ಅಮೆರಿಕದ ಶಿಕಾಗೋ ನಗರಕ್ಕೆ ಹೋಗೋಣ. 1943ರಲ್ಲಿ ಅಲ್ಲಿ ಬ್ರಾಯರ್ ಮೋಲ್ಡಿಂಗ್ ಕಂಪನಿ ಎಂಬ ಕಾರ್ಖಾನೆ ಶುರುವಾಯಿತು. ಆಟಿಕೆ ಮಾಡುವ ಕಾರ್ಖಾನೆಯಲ್ಲ ಅದು. ಯಾರು ಏನು ಕೇಳಿದರೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದು ಕೊಡುವುದು ಅದರ ಕಸುಬು.

1950ರಲ್ಲಿ ಮಾಸ್ಟರ್‌ಕ್ರಾಫ್ಟರ್ಸ್ ಎಂಬ ಗಡಿಯಾರದ ಕಂಪನಿ ಅವರಿಗೆ ಒಂದು ಕೆಲಸ ಕೊಟ್ಟಿತು. ಗೋಡೆಯ ಗೂಡಿನಲ್ಲೋ ಮೇಜಿನ ಮೇಲೋ ಇಡುವ ಗಡಿಯಾರಕ್ಕೆ ಅಲಂಕಾರವಾಗಿ ನಿಲ್ಲಲು ಒಂದು ಕುದುರೆ ಬೇಕಾಗಿತ್ತು. ವುಲ್‌ವರ್ತ್ ಎಂಬ ದೊಡ್ಡ ಅಂಗಡಿಗಳಲ್ಲಿ ಆ ಗಡಿಯಾರದ ಮಾರಾಟ. ಬ್ರಾಯರ್‌ನವರು ಕುದುರೆ ಮಾಡಿಕೊಟ್ಟರು. ಹೊಂಬಣ್ಣದ ಮೈ, ಬಿಳಿಯ ಜೂಲು, ಬೆನ್ನ ಮೇಲೆ ಜೀನು. ಕೆಲಸದ ಕೂಲಿಗೆ ಬದಲಾಗಿ ಕುದುರೆಯ ಅಚ್ಚು ಬ್ರಾಯರ್ ಕಂಪನಿಯಲ್ಲೇ ಉಳಿಯಿತು. ಕೂಲಿಯ ಬದಲು ಅಚ್ಚು ಇಟ್ಟುಕೊಂಡದ್ದು ಎಂಥ ಲಾಭದ ಬಾಬತ್ತು ಎಂದು ಆ ದಿನ ಯಾರೂ ಊಹಿಸಿರಲಿಕ್ಕಿಲ್ಲ.

ಗಡಿಯಾರ ಮನೆಮನೆಗೆ ಹೋದ ಮೇಲೆ ಒಂದು ವಿಚಿತ್ರ ನಡೆಯಿತು. “ನಮಗೆ ಗಡಿಯಾರ ಬೇಡ, ಆ ಕುದುರೆ ಮಾತ್ರ ಸಿಗುತ್ತದೆಯೇ?” ಎಂದು ಜನ ಕೇಳತೊಡಗಿದರು. ಒಬ್ಬಿಬ್ಬರಲ್ಲ, ಬೇಡಿಕೆಯ ಮೇಲೆ ಬೇಡಿಕೆ. ಕಂಪನಿ ಕುದುರೆಯನ್ನು ಬೇರೆಯಾಗಿ ಮಾರಲು ಶುರುಮಾಡಿತು. ಅದಕ್ಕೆ ಕೊಟ್ಟ ಸಂಖ್ಯೆ 57, ಹೆಸರು ‘ವೆಸ್ಟರ್ನ್ ಹಾರ್ಸ್’. ಇಂದು ಪ್ರಪಂಚದ ಎಷ್ಟೋ ದೇಶಗಳಲ್ಲಿರುವ ಒಂದು ಹವ್ಯಾಸದ ಮೂಲ ಹೆಜ್ಜೆ ಅದು. ಆ ಗಡಿಯಾರ ಯಾರಿಗೆ ನೆನಪಿದೆ ಹೇಳಿ? ನಮ್ಮ ಕಾಳಾ ಘೋಡಾದ ಕಥೆಯೇ ಅಲ್ಲೂ ನಡೆಯಿತು.

ಜನ ಗಡಿಯಾರ ಬಿಟ್ಟು ಕುದುರೆಯನ್ನೇ ಏಕೆ ಕೇಳಿದರು? ಇದಕ್ಕೆ ಕಾಲವೂ ಕಾರಣ. 1915ರ ಸುಮಾರಿಗೆ ಅಮೆರಿಕದಲ್ಲಿ ಎರಡು ಕೋಟಿಗೂ ಹೆಚ್ಚು ಕುದುರೆಗಳಿದ್ದವು. ಹೊಲ ಉಳುವುದಕ್ಕೆ, ಗಾಡಿ ಎಳೆಯುವುದಕ್ಕೆ, ಹಾಲು ಹಂಚುವುದಕ್ಕೆ ಎಲ್ಲಕ್ಕೂ ಕುದುರೆಯೇ. ಆಮೇಲೆ ಟ್ರ್ಯಾಕ್ಟರ್ ಬಂತು, ಲಾರಿ ಬಂತು. 1960ರ ಹೊತ್ತಿಗೆ ಕುದುರೆ ಮತ್ತು ಹೇಸರಗತ್ತೆ ಎರಡನ್ನೂ ಸೇರಿಸಿದರೂ ಸಂಖ್ಯೆ ಸುಮಾರು 30 ಲಕ್ಷಕ್ಕೆ ಇಳಿದಿತ್ತು. ಅಜ್ಜನ ಕೊಟ್ಟಿಗೆಯಲ್ಲಿದ್ದ ಪ್ರಾಣಿ ಮೊಮ್ಮಗಳ ಕಣ್ಣಿಗೆ ಬೀಳದಾಯಿತು. ಅದೇ ಹೊತ್ತಿಗೆ ಟಿ.ವಿ.ಯಲ್ಲಿ ಕೌಬಾಯ್‌ಗಳ ಕಾಲ. ರಾಯ್ ರಾಜರ್ಸ್ ಎಂಬ ನಟನ ಜೊತೆಗಿದ್ದ ಟ್ರಿಗರ್ ಎಂಬ ಹೊಂಬಣ್ಣದ ಕುದುರೆಗೆ ನಟನಷ್ಟೇ ಅಭಿಮಾನಿಗಳು. ರಸ್ತೆಯಲ್ಲಿ ಕಾಣದ ಕುದುರೆ ಪರದೆಯ ಮೇಲೆ ದಿನವೂ ಓಡುತ್ತಿತ್ತು. ಮಕ್ಕಳ ಕೈ ಅದನ್ನು ಮುಟ್ಟಲು ಹಂಬಲಿಸಿದರೆ ತಪ್ಪೇನು? ನಮ್ಮ ಮುಂಬೈಯಲ್ಲೇ ನೋಡಿ, ವಿಕ್ಟೋರಿಯಾ ಕುದುರೆ ಗಾಡಿಗಳು ಕಾನೂನುಬಾಹಿರ ಎಂದು 2015ರಲ್ಲಿ ಹೈಕೋರ್ಟ್ ಹೇಳಿತು. ಕುದುರೆಗಳ ಹಿತಕ್ಕೆ ಅದು ಒಳ್ಳೆಯದೇ. ಆದರೆ ನಗರದ ಮಕ್ಕಳಿಗೆ ಕುದುರೆ ಇನ್ನಷ್ಟು ದೂರವಾಯಿತು ಎಂಬುದೂ ನಿಜ.

ಅಚ್ಚಿನಿಂದ ಅಂಗಡಿಗೆ

ಬ್ರಾಯರ್ ಕಂಪನಿಗೆ ಅಚ್ಚಿನ ಮೂಲ ಶಿಲ್ಪ ಕೆತ್ತಿಕೊಡುತ್ತಿದ್ದವರು ಕ್ರಿಸ್ ಹೆಸ್. 1950ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಬ್ರಾಯರ್ ಕುದುರೆ ಎಂದರೆ ಬಹುಮಟ್ಟಿಗೆ ಅವರ ಕೈಯ ಕುದುರೆ. ಸಾಮಗ್ರಿ ಸೆಲ್ಯುಲೋಸ್ ಅಸಿಟೇಟ್. ಗಿಡಮರದ ನಾರಿನಿಂದ ತಯಾರಾಗುವ ಪ್ಲಾಸ್ಟಿಕ್ ಇದು. ಕೈಗೆತ್ತಿಕೊಂಡರೆ ತುಸು ತೂಕ ಎನಿಸುತ್ತದೆ, ಅಗ್ಗದ ಆಟಿಕೆಯ ಹಾಗೆ ಟೊಳ್ಳು ಎನಿಸುವುದಿಲ್ಲ. ಕುದುರೆಯ ಮೈಯನ್ನು ಎರಡು ಹೋಳುಗಳಾಗಿ ಅಚ್ಚು ಹೊಯ್ದು ಅಂಟಿಸುತ್ತಾರೆ. ಬೆಸುಗೆಯ ಗೆರೆ ಕಾಣದ ಹಾಗೆ ಉಜ್ಜುತ್ತಾರೆ. ಬಣ್ಣವನ್ನು ಗಾಳಿಯ ಪಿಚಕಾರಿಯಿಂದ ಹೊಡೆದು, ಕಣ್ಣು ಮುಂತಾದ ಸಣ್ಣ ಕೆಲಸವನ್ನು ಕೈಯಿಂದಲೇ ಮಾಡುತ್ತಾರೆ. ಒಂದೇ ಅಚ್ಚಿನಿಂದ ಬಂದ ಎರಡು ಕುದುರೆಗಳಲ್ಲೂ ಚೂರು ವ್ಯತ್ಯಾಸ ಇದ್ದೇ ಇರುತ್ತದೆ. ಸಂಗ್ರಹಕಾರರು ಕಣ್ಣರಳಿಸಿ ನೋಡುವುದು ಆ ಚೂರನ್ನೇ.

ಅಳತೆಗೂ ಲೆಕ್ಕವಿದೆ. ದೊಡ್ಡದು ‘ಟ್ರೆಡಿಷನಲ್’, ನಿಜವಾದ ಕುದುರೆಯ ಒಂಬತ್ತರಲ್ಲಿ ಒಂದು ಭಾಗ. ಅದಕ್ಕಿಂತ ಚಿಕ್ಕದು ‘ಕ್ಲಾಸಿಕ್’, ಹನ್ನೆರಡರಲ್ಲಿ ಒಂದು. 1975ರಲ್ಲಿ ಬಂದ ‘ಸ್ಟೇಬಲ್‌ಮೇಟ್’ ಇನ್ನೂ ಚಿಕ್ಕದು, ಮೂವತ್ತೆರಡರಲ್ಲಿ ಒಂದು. ಅಂಗೈಯಲ್ಲೇ ನಿಲ್ಲುತ್ತದೆ. ಜೇಬಿನ ದುಡ್ಡು ಕಡಿಮೆಯಿದ್ದ ಮಕ್ಕಳೂ ಹವ್ಯಾಸಕ್ಕೆ ಕಾಲಿಟ್ಟದ್ದು ಈ ಪುಟಾಣಿಗಳಿಂದ.

ಬ್ರಾಯರ್ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೇಗನ್-ರೆನೇಕರ್ ಎಂಬ ಪಿಂಗಾಣಿ ಕಾರ್ಖಾನೆಯಿತ್ತು. ಅಲ್ಲಿ ಮೌರೀನ್ ಲವ್ ಎಂಬ ಶಿಲ್ಪಿ ಮಾಡಿದ ಕುದುರೆಗಳ ನಿಲುವು, ಸ್ನಾಯು, ಕತ್ತಿನ ಬಾಗು ನೋಡಿದರೆ ಈಗಲೋ ಆಗಲೋ ಉಸಿರುಬಿಟ್ಟೀತು ಎನಿಸುತ್ತದೆ. 1970ರ ದಶಕದಲ್ಲಿ ಬ್ರಾಯರ್ ಕಂಪನಿಯೇ ಆ ಕಾರ್ಖಾನೆಯ ಕೆಲವು ವಿನ್ಯಾಸಗಳನ್ನು ಪಡೆದು ಪ್ಲಾಸ್ಟಿಕ್ಕಿನಲ್ಲಿ ತಯಾರಿಸಿತು. ವಿಸ್ಕಾನ್ಸಿನ್ ರಾಜ್ಯದ ಹಾರ್ಟ್‌ಲೆಂಡ್ ಕಂಪನಿ, ಇಂಗ್ಲೆಂಡಿನ ಬೆಸ್ವಿಕ್ ಪಿಂಗಾಣಿ, ಇವಕ್ಕೂ ತಮ್ಮದೇ ಅಭಿಮಾನಿಗಳಿದ್ದರು.

ಪುಸ್ತಕದಿಂದ ಎದ್ದು ಬಂದ ಮಿಸ್ಟಿ

ಕುದುರೆಯ ಹುಚ್ಚಿಗೆ ಟಿ.ವಿ.ಯಷ್ಟೇ ಪುಸ್ತಕಗಳೂ ಕಾರಣ. ಮಾರ್ಗರೀಟ್ ಹೆನ್ರಿ ಎಂಬ ಲೇಖಕಿ 1947ರಲ್ಲಿ ‘ಮಿಸ್ಟಿ ಆಫ್ ಶಿಂಕಟೀಗ್’ ಎಂಬ ಮಕ್ಕಳ ಕಾದಂಬರಿ ಬರೆದರು. ವರ್ಜೀನಿಯಾದ ಕಡಲ ತೀರದಲ್ಲಿ ಅಸಟೀಗ್ ಎಂಬ ದ್ವೀಪವಿದೆ. ಅಲ್ಲಿ ಪುಟ್ಟ ಕಾಡು ಕುದುರೆಗಳಿವೆ. ಜುಲೈ ತಿಂಗಳಲ್ಲಿ ಅವನ್ನು ಕಡಲ ಕಾಲುವೆಯಲ್ಲಿ ಈಜಿಸಿ ಪಕ್ಕದ ಶಿಂಕಟೀಗ್ ದ್ವೀಪಕ್ಕೆ ತಂದು, ಕೆಲವು ಮರಿಗಳನ್ನು ಹರಾಜು ಹಾಕುತ್ತಾರೆ. ಬಂದ ಹಣ ಊರಿನ ಅಗ್ನಿಶಾಮಕ ದಳಕ್ಕೆ. ಒಂದು ತಾಯಿ ಕುದುರೆಗಾಗಿ ಅಣ್ಣ ತಂಗಿ ಇಬ್ಬರು ಬೆವರು ಸುರಿಸಿ ದುಡ್ಡು ಕೂಡಿಸುವ ಕಥೆ ಅದು. ಆ ತಾಯಿಯ ಮರಿಯೇ ಮಿಸ್ಟಿ.

ಮಿಸ್ಟಿ ಕಟ್ಟುಕಥೆಯ ಹೆಸರಲ್ಲ. 1946ರಲ್ಲಿ ಹುಟ್ಟಿದ ನಿಜವಾದ ಕುದುರೆ. ಲೇಖಕಿ ಅದನ್ನು ಮರಿಯಾಗಿದ್ದಾಗಲೇ ಕೊಂಡು, ಇಲಿನಾಯ್ ರಾಜ್ಯದ ತಮ್ಮ ಮನೆಯಲ್ಲಿ ಸಾಕಿ, 1957ರಲ್ಲಿ ಮತ್ತೆ ಅದರ ದ್ವೀಪಕ್ಕೆ ಕಳಿಸಿಕೊಟ್ಟರು. 1972ರಲ್ಲಿ ಮಿಸ್ಟಿ ತೀರಿಕೊಂಡಿತು. ಅದೇ ವರ್ಷ ಬ್ರಾಯರ್ ಕಂಪನಿ ಮಿಸ್ಟಿಯ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಪುಸ್ತಕ ಓದಿ ಅತ್ತ ಮಕ್ಕಳ ಕೈಗೆ ಕಥೆಯ ಕುದುರೆ ಬಂತು.

ಇಲ್ಲಿಂದ ಒಂದು ಬದಲಾವಣೆ ಕಾಣುತ್ತದೆ. ‘ಒಂದು ಕುದುರೆ’ ಹೋಗಿ ‘ಇಂಥ ಕುದುರೆ’ ಆಯಿತು. ಓಟದ ಮೈದಾನದಲ್ಲಿ ಹೆಸರು ಮಾಡಿದ ಮ್ಯಾನ್ ಓ ವಾರ್ ಎಂಬ ಕುದುರೆಯ ಮಾದರಿ 1967ರಲ್ಲೇ ಬಂದಿತ್ತು. ಈ ಮಾದರಿ ಅರಬ್ಬೀ ತಳಿಯದೇ, ಮಾರ್ಗನ್ ತಳಿಯದೇ? ಅದರ ಹಣೆಯ ಬಿಳಿ ಮಚ್ಚೆ ಸರಿಯಾದ ಜಾಗದಲ್ಲಿದೆಯೇ? ಹೀಗೆ ಕೇಳಲು ಶುರುಮಾಡಿದ ಮಕ್ಕಳು ಗ್ರಂಥಾಲಯಕ್ಕೆ ಹೋದರು, ತಳಿಗಳ ಪುಸ್ತಕ ಬಿಡಿಸಿದರು. ಆಟಿಕೆ ಪಾಠವಾಯಿತು.

ಅಂಚೆಯಲ್ಲಿ ನಡೆದ ಕುದುರೆ ಸಂತೆ

ನನಗೆ ಬಹಳ ಹಿಡಿಸಿದ ಭಾಗ ಇದು, ಮಿತ್ರರೇ.

ಅಮೆರಿಕ ದೊಡ್ಡ ದೇಶ. ಒಂದು ಊರಿನಲ್ಲಿ ಕುದುರೆ ಮಾದರಿ ಸೇರಿಸುವ ಹುಡುಗಿ ಒಬ್ಬಳಿದ್ದರೆ, ಇನ್ನೊಬ್ಬಳು ಸಾವಿರ ಮೈಲಿ ಆಚೆ. ಶಾಲೆಯಲ್ಲಿ ಹೇಳಿಕೊಂಡರೆ ನಗುವವರೇ ಹೆಚ್ಚು, ಈಗ ನಾನು ನಕ್ಕ ಹಾಗೆ. ಹಾಗಿರುವಾಗ ಅವರು ಒಬ್ಬರನ್ನೊಬ್ಬರು ಹೇಗೆ ಕಂಡುಕೊಂಡರು? ಕಾಗದ ಬರೆದು! 1960ರ ದಶಕದಿಂದ ‘ಫೋಟೋ ಷೋ’ ಎಂಬ ಪದ್ಧತಿ ಬೆಳೆಯಿತು.

ಅದು ನಡೆಯುತ್ತಿದ್ದ ಬಗೆ ಹೀಗೆ. ನಿಮ್ಮ ಮಾದರಿ ಕುದುರೆಯನ್ನು ಹಿತ್ತಲಿಗೆ ಒಯ್ಯುತ್ತೀರಿ. ನುಣ್ಣನೆಯ ಮಣ್ಣು ಹರಡಿ, ಸಣ್ಣ ಎಲೆಯ ಗಿಡವೊಂದನ್ನು ಮರದ ಹಾಗೆ ಹಿಂದೆ ನೆಡುತ್ತೀರಿ. ನೆಲಕ್ಕೆ ಹೊಟ್ಟೆಯೂರಿ ಮಲಗಿ, ಕ್ಯಾಮೆರಾವನ್ನು ಕುದುರೆಯ ಕಣ್ಣಿನ ಮಟ್ಟಕ್ಕೆ ಹಿಡಿದು ಫೋಟೋ ತೆಗೆಯುತ್ತೀರಿ. ಚಿತ್ರ ನೋಡಿದವರಿಗೆ ಹುಲ್ಲುಗಾವಲಿನಲ್ಲಿ ನಿಜವಾದ ಕುದುರೆ ನಿಂತ ಹಾಗೆ ಕಾಣಬೇಕು. ರೋಲು ತೊಳೆಸಿ ಫೋಟೋ ಬರುವವರೆಗೆ ಚೆನ್ನಾಗಿ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಫೋಟೋದ ಹಿಂದೆ ಕುದುರೆಯ ಹೆಸರು, ತಳಿ, ಲಿಂಗ ಬರೆದು, ಅಲ್ಪ ಶುಲ್ಕದ ಜೊತೆ, ಮರಳಿ ಕಳಿಸಲು ಅಂಚೆ ಚೀಟಿ ಹಚ್ಚಿದ ಲಕೋಟೆಯನ್ನೂ ಇಟ್ಟು ತೀರ್ಪುಗಾರರಿಗೆ ಕಳಿಸುತ್ತೀರಿ.

ತೀರ್ಪುಗಾರರು ಅಂದರೆ ಬೇರೆ ಯಾರೂ ಅಲ್ಲ, ಇನ್ನೊಂದು ಊರಿನ ಇಂಥದೇ ಒಬ್ಬರು ಹವ್ಯಾಸಿ. ಬಂದ ಫೋಟೋಗಳನ್ನು ತಳಿವಾರು ನೆಲದ ಮೇಲೆ ಹರಡಿಕೊಂಡು, ಹೋಲಿಸಿ, ಮೊದಲನೆಯದು ಎರಡನೆಯದು ಎಂದು ಆರಿಸಿ, ಫಲಿತಾಂಶವನ್ನು ಅಂಚೆಯಲ್ಲಿ ಮರಳಿಸುತ್ತಿದ್ದರು. ಇದರ ಜೊತೆಗೆ ಟೈಪ್ ಮಾಡಿ ಪ್ರತಿ ತೆಗೆದ ಸಣ್ಣ ಪತ್ರಿಕೆಗಳೂ ಹುಟ್ಟಿಕೊಂಡವು. ಯಾರ ಹತ್ತಿರ ಯಾವ ಕುದುರೆ ಇದೆ, ಯಾರು ಮಾರುತ್ತಾರೆ, ಮುಂದಿನ ಸ್ಪರ್ಧೆ ಯಾವಾಗ, ಎಲ್ಲ ಅದರಲ್ಲೇ. 1975ರಲ್ಲಿ ಬ್ರಾಯರ್ ಕಂಪನಿ ತಾನೇ ‘ಜಸ್ಟ್ ಅಬೌಟ್ ಹಾರ್ಸಸ್’ ಎಂಬ ಪತ್ರಿಕೆ ಶುರುಮಾಡಿತು. ಆದರೆ ಅಷ್ಟು ಹೊತ್ತಿಗೆ ಹವ್ಯಾಸಿಗಳು ತಮ್ಮ ಸಂತೆಯನ್ನು ತಾವೇ ಕಟ್ಟಿಕೊಂಡಿದ್ದರು. ಕಂಪನಿ ಮಾರಿದ್ದು ಕುದುರೆ. ಸ್ಪರ್ಧೆ, ನಿಯಮ, ಸ್ನೇಹ, ಇದೆಲ್ಲ ಜನರೇ ಮಾಡಿಕೊಂಡದ್ದು. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ನಿಜವಾದ ಕುದುರೆ ಸಾಕಲು ಹಣವೋ ಜಾಗವೋ ಇಲ್ಲದೆ, ಆಸೆಯನ್ನು ಮಾತ್ರ ಬಿಡಲಾರದೆ ಇದ್ದವರು ಅವರಲ್ಲಿ ಎಷ್ಟೋ ಮಂದಿ.

ಮೇಜಿನ ಮೇಲೊಂದು ಮೈದಾನ

ಅಂಚೆಯ ಪರಿಚಯ ಮುಖದ ಪರಿಚಯವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಒಂದು ಸಭಾಂಗಣ ಹಿಡಿದು, ಉದ್ದುದ್ದ ಮೇಜು ಹಾಕಿ, ಮಾದರಿಗಳನ್ನೇ ಹೊತ್ತು ತಂದು ಸ್ಪರ್ಧೆಗೆ ನಿಲ್ಲಿಸುವ ‘ಲೈವ್ ಷೋ’ಗಳು ಬಂದವು. ದಸರಾ ಗೊಂಬೆ ಕೂರಿಸುವ ನಮಗೆ ಮೆಟ್ಟಿಲು ಮೆಟ್ಟಿಲಾಗಿ ಸಾಲು ಹಿಡಿಯುವುದು ಗೊತ್ತು. ಆದರೆ ನಮ್ಮದು ಹಬ್ಬ. ಅವರದು ಪರೀಕ್ಷೆ!

ಮುಖ್ಯವಾಗಿ ಎರಡು ವಿಭಾಗ. ಒಂದು ‘ಹಾಲ್ಟರ್’. ಇಲ್ಲಿ ಕುದುರೆ ಸುಮ್ಮನೆ ನಿಲ್ಲುತ್ತದೆ. ಕಾಲಿಗೆ ಒಡೆಯರ ಗುರುತಿನ ಸಣ್ಣ ಚೀಟಿ. ಆ ತಳಿಯ ಕುದುರೆಗೆ ಇರಬೇಕಾದ ಮುಖ, ಎದೆ, ಕೀಲು, ಬಣ್ಣ ಇದೆಯೇ ಎಂದು ತೀರ್ಪುಗಾರರು ನೋಡುತ್ತಾರೆ. ಗೀರು ಬಿದ್ದಿದೆಯೇ, ಬೆಸುಗೆಯ ಗೆರೆ ಕಾಣುತ್ತದೆಯೇ ಎಂದೂ ನೋಡುತ್ತಾರೆ. ಇನ್ನೊಂದು ‘ಪರ್ಫಾರ್ಮೆನ್ಸ್’. ಇಲ್ಲಿ ಕುದುರೆ ಕೆಲಸದಲ್ಲಿರಬೇಕು. ಬೇಲಿ ಹಾರುತ್ತಿರಬೇಕು, ದನ ಅಟ್ಟುತ್ತಿರಬೇಕು, ಗಾಡಿ ಎಳೆಯುತ್ತಿರಬೇಕು. ನಿಂತ ಭಂಗಿಯ ಮಾದರಿಯನ್ನು ಬೇಲಿಯ ಮುಂದೆ ಇಟ್ಟು “ಹಾರುತ್ತಿದೆ” ಎಂದರೆ ನಡೆಯುವುದಿಲ್ಲ. ಕಡಿವಾಣ ಬಾಯಿಗೆ ಸರಿಯಾಗಿ ಕೂತಿದೆಯೇ? ಹೊಟ್ಟೆಪಟ್ಟಿ ಸಡಿಲವಾಗಿದೆಯೇ? ಸವಾರ ಗೊಂಬೆಯ ಕಣ್ಣು ಮುಂದಿನ ದಾರಿಯ ಮೇಲಿದೆಯೇ? ಜೀವಂತ ಕುದುರೆಯ ಸ್ಪರ್ಧೆಯಲ್ಲಿ ಕೇಳುವ ಪ್ರಶ್ನೆಗಳೆಲ್ಲ ಇಲ್ಲೂ ಕೇಳುತ್ತಾರೆ.

ಇದಕ್ಕಾಗಿ ಒಂದು ಕುಶಲ ಕಲೆಯೇ ಬೆಳೆಯಿತು. ತೆಳ್ಳನೆಯ ಚರ್ಮ ಕೊಯ್ದು ಬೆರಳುದ್ದದ ಜೀನು, ದಾರದಂಥ ಲಗಾಮು ಹೊಲಿಯುವವರು ಬಂದರು. ಪ್ಲಾಸ್ಟಿಕ್ ಕಾಲನ್ನು ಬಿಸಿಮಾಡಿ ಮೆತ್ತಗಾಗಿಸಿ ಬೇರೆ ಭಂಗಿಗೆ ಬಾಗಿಸುವವರು, ಅಂಟುಮಣ್ಣಿನಂಥ ಎಪಾಕ್ಸಿಯಿಂದ ಹೊಸ ಸ್ನಾಯು ಕಟ್ಟುವವರು, ಹಳೆಯ ಬಣ್ಣ ತೆಗೆದು ರೋಮ ರೋಮವೂ ಕಾಣುವಂತೆ ಹೊಸ ಬಣ್ಣ ಕೊಡುವವರು ಬಂದರು. ಮುಂದೆ ಕೆಲವರು ತಾವೇ ಶಿಲ್ಪ ಮಾಡಿ ರೆಸಿನ್‌ನಲ್ಲಿ ಬೆರಳೆಣಿಕೆಯ ಪ್ರತಿಗಳನ್ನು ತೆಗೆಯತೊಡಗಿದರು. ಬಾಲ್ಯದ ಆಟಿಕೆ ಎಷ್ಟೋ ಹೆಂಗಸರಿಗೆ ಕೈಕಸುಬಾಯಿತು, ಕೆಲವರಿಗೆ ಸಂಪಾದನೆಯ ದಾರಿಯೂ ಆಯಿತು.

1990ರ ದಶಕದಲ್ಲಿ ಈ ಪ್ರದರ್ಶನಗಳಿಗೆಲ್ಲ ಒಂದು ಕೂಟ ಹುಟ್ಟಿತು. ನಾರ್ತ್ ಅಮೆರಿಕನ್ ಮಾಡೆಲ್ ಹಾರ್ಸ್ ಷೋಸ್ ಅಸೋಸಿಯೇಷನ್ ಎಂದು ಹೆಸರು. ಅದರ ಸದಸ್ಯ ಪ್ರದರ್ಶನಗಳಲ್ಲಿ ಮೊದಲ ಅಥವಾ ಎರಡನೆಯ ಸ್ಥಾನ ಪಡೆದ ಮಾದರಿಗೆ ಒಂದು ಚೀಟಿ ಸಿಗುತ್ತದೆ. ಆ ಚೀಟಿ ಇದ್ದರೆ ದೊಡ್ಡ ಚಾಂಪಿಯನ್‌ಶಿಪ್‌ಗೆ ಪ್ರವೇಶ. ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ನಮ್ಮ ಶಾಲಾ ಕ್ರೀಡಾಕೂಟ ನಡೆಯುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಯಾರೂ ಕೊಳ್ಳದ ಚಿನ್ನದ ಕುದುರೆ

ಸಂಗ್ರಹದ ಲೋಕದಲ್ಲಿ ಬೆಲೆ ಎಂಬುದು ಬಹಳ ತಮಾಷೆಯ ವಸ್ತು. 1960ರ ದಶಕದ ಮಧ್ಯದಲ್ಲಿ ಬ್ರಾಯರ್‌ನವರಿಗೆ ಒಂದು ಯೋಚನೆ ಬಂತು. ಮನೆಯ ಪರದೆ, ಸೋಫಾಗಳಿಗೆ ಒಪ್ಪುವ ಅಲಂಕಾರದ ಕುದುರೆ ಮಾಡಿದರೆ ಹೇಗೆ? ನೀಲಿ ಕುದುರೆ ಮಾಡಿದರು, ಚಿನ್ನದ ಬಣ್ಣದ ಕುದುರೆ ಮಾಡಿದರು. ವೆಜ್‌ವುಡ್ ಬ್ಲೂ, ಕೋಪನ್‌ಹೇಗನ್, ಫ್ಲಾರೆಂಟೈನ್, ಗೋಲ್ಡನ್ ಚಾರ್ಮ್ ಎಂದು ಚೆಂದದ ಹೆಸರನ್ನೂ ಇಟ್ಟರು. ಆದರೆ ಕುದುರೆ ಪ್ರೀತಿಸುವ ಮಕ್ಕಳಿಗೆ ನೀಲಿ ಕುದುರೆ ಹಿಡಿಸಲಿಲ್ಲ. ಅಂಗಡಿಯ ಮೂಲೆಯಲ್ಲಿ ದೂಳು ತಿಂದು, ಬೇಗನೆ ತಯಾರಿಕೆಯೇ ನಿಂತಿತು.

ಮಾರಾಟವಾಗಲಿಲ್ಲ, ಹಾಗಾಗಿ ಉಳಿದದ್ದು ಕಡಿಮೆ. ಉಳಿದದ್ದು ಕಡಿಮೆ, ಹಾಗಾಗಿ ಇಂದು ಅದಕ್ಕೇ ಬೇಡಿಕೆ! ಒಳ್ಳೆಯ ಸ್ಥಿತಿಯಲ್ಲಿರುವ ಕೆಲವಕ್ಕೆ ಸಾವಿರ ಡಾಲರಿಗೂ ಹೆಚ್ಚು ಕೊಡುವವರಿದ್ದಾರೆ.

ಇನ್ನೊಂದು ಉದಾಹರಣೆ ಕೇಳಿ. 1970ರ ದಶಕದ ಕೆಲವು ಕುದುರೆಗಳ ಬಣ್ಣದ ಕೆಳಗೆ ಸುಣ್ಣ ಬಳಿದ ಹಾಗೆ ಬಿಳಿಯ ಪದರವೊಂದಿದೆ. ಆ ದಶಕದ ತೈಲ ಬಿಕ್ಕಟ್ಟಿನಲ್ಲಿ ಒಳ್ಳೆಯ ಬಿಳಿ ಪ್ಲಾಸ್ಟಿಕ್ ಸಿಗದೆ, ಸಿಕ್ಕ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಅಚ್ಚು ಹೊಯ್ದು ಮೇಲೆ ಬಿಳಿ ಬಳಿದರು ಎನ್ನುತ್ತಾರೆ ಸಂಗ್ರಹಕಾರರು. ಸೀಮೆಸುಣ್ಣದ ಹಾಗೆ ಕಾಣುವುದರಿಂದ ಅದಕ್ಕೆ ‘ಚಾಕಿ’ ಎಂಬ ಅಡ್ಡಹೆಸರು. ಜಗತ್ತಿನ ಎಣ್ಣೆಯ ಜಗಳ ಒಂದು ಆಟಿಕೆ ಕುದುರೆಯ ಚರ್ಮದಡಿಯಲ್ಲಿ ಹೀಗೆ ಅಡಗಿ ಕೂತಿದೆ. ಇತಿಹಾಸ ಅರಮನೆ, ಕೋಟೆಗಳಲ್ಲಿ ಮಾತ್ರ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಕಪಾಟಿನಲ್ಲೂ ಇರುತ್ತದೆ, ನೋಡುವ ಕಣ್ಣಿದ್ದರೆ.

ಕೆಂಟಕಿಯ ಜಾತ್ರೆ

1984ರಲ್ಲಿ ರೀವ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಬ್ರಾಯರ್ ಅನ್ನು ಕೊಂಡಿತು. ಮೊದಲ ಕುದುರೆಗೆ 40 ವರ್ಷ ತುಂಬಿದ 1990ರಲ್ಲಿ ‘ಬ್ರಾಯರ್‌ಫೆಸ್ಟ್’ ಎಂಬ ಉತ್ಸವ ಶುರುವಾಯಿತು. ಜಾಗ ಯಾವುದು ಗೊತ್ತೇ? ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಊರಿನ ಕೆಂಟಕಿ ಹಾರ್ಸ್ ಪಾರ್ಕ್. ಓಟದ ಕುದುರೆಗಳ ನಾಡಿನ ನಡುಮಧ್ಯ. ಮ್ಯಾನ್ ಓ ವಾರ್ ಕುದುರೆಯ ಸಮಾಧಿ ಇರುವುದೂ ಆ ಉದ್ಯಾನದಲ್ಲೇ. ಯಾವ ಕುದುರೆಯ ಮಾದರಿ ಮನೆಯ ಕಪಾಟಿನಲ್ಲಿದೆಯೋ ಅದೇ ಕುದುರೆಯ ಸಮಾಧಿಯ ಮುಂದೆ ನಿಲ್ಲುವ ಅನುಭವ ಹೇಗಿರಬಹುದು, ನೀವೇ ಊಹಿಸಿ.

ಬೇಸಿಗೆಯಲ್ಲಿ ನಡೆಯುವ ಈ ಜಾತ್ರೆಗೆ ಸಾವಿರಾರು ಜನ ಸೇರುತ್ತಾರೆ. ಮಾದರಿಗೆ ಸ್ಫೂರ್ತಿಯಾದ ಜೀವಂತ ಕುದುರೆಗಳೂ ಬರುತ್ತವೆ. ಸುತ್ತಲಿನ ಹೋಟೆಲುಗಳಲ್ಲಿ ರಾತ್ರಿ ಕೋಣೆಯ ಬಾಗಿಲು ತೆರೆದಿಟ್ಟು, ಹಾಸಿಗೆಯ ಮೇಲೇ ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ವ್ಯಾಪಾರ ಮಾಡುತ್ತಾರೆ. ಫೋಟೋ ಷೋದ ಕಾಲದಿಂದ ಬರೀ ಕೈಬರಹದಲ್ಲಿ ಪರಿಚಯವಿದ್ದ ಗೆಳತಿಯರು ಇಂಥ ಕಡೆ ಮುಖ ನೋಡುತ್ತಾರೆ. 2020ರಲ್ಲಿ ಕೊರೊನಾ ಬಂದಾಗ ಜಾತ್ರೆ ನಿಲ್ಲಲಿಲ್ಲ, ಇಂಟರ್‌ನೆಟ್‌ಗೆ ಹೋಯಿತು. ದೂರದಿಂದಲೇ ಪ್ರದರ್ಶನ ನಡೆಸುವುದು ಈ ಜನಕ್ಕೆ ಹೊಸದಲ್ಲವಲ್ಲ! ಅಜ್ಜಿಯರ ಕಾಲದಲ್ಲಿ ಅಂಚೆ ಪೆಟ್ಟಿಗೆ ಮಾಡಿದ ಕೆಲಸವನ್ನು ಮೊಮ್ಮಕ್ಕಳ ಕಾಲದಲ್ಲಿ ಮೊಬೈಲ್ ಮಾಡಿತು.

ಡೊಂಬಿವಿಲಿಯ ಆ ಮನೆಗೆ

ಈಗ ಮತ್ತೆ ನಮ್ಮ ಫೋನ್ ಕರೆಗೆ ಬರೋಣ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನಿಸಿದ್ದು ಇದು. ಆ ಹವ್ಯಾಸವನ್ನು ಉಳಿಸಿದ್ದು ಕಂಪನಿಯ ಜಾಹೀರಾತಲ್ಲ. “ಆ ಕುದುರೆ ಮಾತ್ರ ಸಿಗುತ್ತದೆಯೇ?” ಎಂದು ಮೊದಲು ಕೇಳಿದ ಯಾರೋ ಒಬ್ಬರು. ಆಮೇಲೆ ಲಕೋಟೆಯಲ್ಲಿ ಫೋಟೋ ಇಟ್ಟು ಕಳಿಸಿದ ಮಕ್ಕಳು. ಇದನ್ನು ನಿಮ್ಮ ನಿರೂಪಕಿಗಿಂತ ಚೆನ್ನಾಗಿ ಯಾರು ಬಲ್ಲರು? ಈ ಮಹಾನಗರದಲ್ಲಿ, ಇಷ್ಟೊಂದು ಭಾಷೆಗಳ ಗದ್ದಲದ ನಡುವೆ, ನಮ್ಮ ಅರ್ಧ ಗಂಟೆಯ ಕನ್ನಡ ನಡೆಯುತ್ತಿರುವುದು ಏತರಿಂದ? ನೀವು ಬರೆಯುವ ಕಾಗದದಿಂದ, ಮಾಡುವ ಫೋನಿನಿಂದ. ಮಾಟುಂಗಾದಲ್ಲಿ ಒಬ್ಬರು, ಕಲ್ಯಾಣದಲ್ಲಿ ಒಬ್ಬರು, ವಾಶಿಯಲ್ಲಿ ಒಬ್ಬರು ಕೂತು ಕೇಳುತ್ತೀರಿ. ಪಕ್ಕದ ಮನೆಯವರಿಗೆ ನಿಮ್ಮ ಭಾಷೆ ತಿಳಿಯದು. ಆದರೆ ರೇಡಿಯೋದಲ್ಲಿ ಇನ್ನೊಬ್ಬ ಕೇಳುಗರ ಹೆಸರು ಕೇಳಿದಾಗ “ಓ, ನಮ್ಮವರು ಇದ್ದಾರೆ” ಎನಿಸುತ್ತದೆ. ಸಾವಿರ ಮೈಲಿ ದೂರದಿಂದ ಇನ್ನೊಂದು ಕುದುರೆಯ ಫೋಟೋ ಬಂದಾಗ ಆ ಹುಡುಗಿಯರಿಗೂ ಹೀಗೇ ಅನಿಸಿರಬೇಕು.

ಅಂಥ ಸಂತೋಷವನ್ನು ದಿನಾ ಉಣ್ಣುವ ನಾನೇ ಇನ್ನೊಬ್ಬಳ ಸಂತೋಷಕ್ಕೆ ನಕ್ಕೆ.

ಅಮ್ಮಾ, ನೀವು ಈ ಸಂಚಿಕೆ ಓದುವ ಹೊತ್ತಿಗೆ ದೀಪಾವಳಿಗೆ ಇನ್ನೂ ಕೆಲವು ದಿನ ಇರುತ್ತದೆ. ದಯವಿಟ್ಟು ಆ ಕುದುರೆಗಳನ್ನು ಯಾರಿಗೂ ಕೊಡಬೇಡಿ. ದೂಳು ಒರೆಸುವುದಿದ್ದರೆ ಮಗಳನ್ನೂ ಕೂರಿಸಿಕೊಂಡು ಒರೆಸಿ. ಒಂದೊಂದನ್ನೇ ಕೈಗೆತ್ತಿಕೊಂಡು “ಇದರ ಹೆಸರೇನು, ಇದು ಯಾವ ತಳಿ?” ಎಂದು ಕೇಳಿ. “ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ಜಾತಿ” ಎಂದು ನೀವೇ ಹೇಳಿದಿರಲ್ಲ, ಅಷ್ಟು ತಿಳಿಯಲು ಅವಳು ಎಷ್ಟು ಓದಿರಬೇಕು! ಪಟ್ಟದ ಗೊಂಬೆಯನ್ನು ಅಮ್ಮ ಮಗಳಿಗೆ ಕೊಡುವುದು ನಮ್ಮ ಪದ್ಧತಿ. ನಿಮ್ಮ ಮನೆಯಲ್ಲಿ ಮಗಳು ಅಮ್ಮನಿಗೆ ತೋರಿಸಲಿ. ಮುಂದಿನ ನವರಾತ್ರಿಗೆ ಗೊಂಬೆಯ ಮೆಟ್ಟಿಲಲ್ಲಿ ಒಂದು ಸಾಲು ಕುದುರೆಗಳಿಗೂ ಇದ್ದರೆ ಜಂಬೂ ಸವಾರಿಗೆ ಕಳೆಯೇ ಬಂದೀತು.

ಇನ್ನು ನಿನಗೆ ಒಂದು ಮಾತು, ಮಗಳೇ. ಅವತ್ತು ನಕ್ಕದ್ದಕ್ಕೆ ಕ್ಷಮಿಸು. ನಿನ್ನ ಕುದುರೆಗಳ ಹೆಸರು, ಅವು ನಿನ್ನ ಮನೆಗೆ ಬಂದ ಕಥೆ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಕಳಿಸು. ಕನ್ನಡದಲ್ಲಿ ತಪ್ಪಾದರೂ ಚಿಂತೆಯಿಲ್ಲ, ತಿದ್ದಲು ನಾನಿದ್ದೇನೆ. ಅದನ್ನು ಅದೇ ಮೈಕಿನ ಮುಂದೆ ಕೂತು, ಒಂದಕ್ಷರ ಬಿಡದೆ ಓದುತ್ತೇನೆ.

ನಿಮ್ಮ ಮನೆಗಳಲ್ಲೂ ಇಂಥ ಸಂಗ್ರಹಗಳಿದ್ದರೆ ಬರೆಯಿರಿ ಮಿತ್ರರೇ. ಅಂಚೆ ಚೀಟಿ, ನಾಣ್ಯ, ಬೆಂಕಿಪೊಟ್ಟಣ, ಹಳೆಯ ಲಗ್ನಪತ್ರಿಕೆ, ಏನೇ ಇರಲಿ. ಈ ಸಲ ಯಾರೂ ನಗುವುದಿಲ್ಲ.

ಮತ್ತೆ ಭೇಟಿಯಾಗೋಣ, ಅದೇ ಸಮಯ, ಅದೇ ತರಂಗಾಂತರದಲ್ಲಿ. ನಮಸ್ಕಾರ.